ಪಕ್ಕದ ಗದ್ದೆಯವನ ಒಡಂಬಡಿಕೆ

ದೇವರು ಕ್ಷಮಿಸಿದ್ದು ನಿಜವಿರಬಹುದು. ನನ್ನ ಭತ್ತದ ಸಸಿಮಡಿ ಒಣಗಿಸಿದವನು ಮಾತ್ರ ಪಕ್ಕದ ಗದ್ದೆಯವನೇ. ನನ್ನ ಪಾಳಿಯ ಕಾಲುವೆ ನೀರನ್ನು ತನ್ನ ಮಡಿಗೆ ತಿರುಗಿಸಿಕೊಂಡಿದ್ದ. ನಮ್ಮ ಸಿರುಗುಪ್ಪದ ಚರ್ಚಿನಲ್ಲಿ ಅವನಷ್ಟು ಚೆನ್ನಾಗಿ ಅಳುವವರು ಇರಲಿಲ್ಲ. ಪ್ರತಿ ಭಾನುವಾರ ಎದೆ ಗುದ್ದಿಕೊಂಡು ಅತ್ತು, ಹಗುರಾಗಿ ಹೊರಗೆ ಬಂದು ಮಿರ್ಚಿ ತಿನ್ನುತ್ತಿದ್ದ. ಯಾರಿಗೆ ಏನು ಕೆಡಿಸಿದರೂ "ಕರ್ತ ಮರತಾನ" ಎನ್ನುತ್ತಿದ್ದ.

ಆ ಭಾನುವಾರ ನನಗೂ ಅದನ್ನೇ ಹೇಳಿದ.

"ಕರ್ತ ನನ್ನ ಪಾಪ ಮರತಾನಬೇ. ನಿಮ್ಮ ಪಾಪ ಇನ್ನ ನೆನಸಂಗಿಲ್ಲ ಅಂತ ಬೈಬಲ್‌ನಾಗ ಆತನ ಒಡಂಬಡಿಕಿ ಐತಿ, ಆತ ಮಾತು ತಪ್ಪಂಗಿಲ್ಲ."

"ಆತ ಮರೀಲಿ ಬಿಡಲೇ, ಆತಗೇನು ಗದ್ದಿ ಐತೇನು? ನಾ ಏನು ನಾಟಿ ಮಾಡ್ಲಿ?"

"ನೀನೂ ಪ್ರಾರ್ಥನಿ ಮಾಡಬೇ."

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಅವನ ಮಡಿಗಿಳಿದು ಸಸಿ ಕೀಳತೊಡಗಿದೆ. ಅವನು ಬದುವಿನ ಮೇಲೆ ಬಾಯಿ ತೆರೆದು ನಿಂತ.

"ಏನು ನೋಡ್ತೀಲೇ? ಇಳಿದು ಬಾ, ಕಿತ್ತಿದ್ದನ್ನ ನನ್ನ ಗದ್ದಿಗೆ ಹೊರು" ಎಂದೆ.