ಅಟ್ಟದ ಕಾಯಿ, ಥಾಯ್ ಸಾರು

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇವತ್ತಿಗೂ ಒಂದು ಕಥೆ ಓಡಾಡುತ್ತಿದೆ: ಹೊಸ ಅಡುಗೆಯವನನ್ನು ಓಡಿಸಲು ಲಕ್ಕಮ್ಮ ಬೇಕಂತಲೇ ಹಳೇ ತೆಂಗಿನಕಾಯಿ ತಂದುಕೊಟ್ಟಳಂತೆ. ಆ ಹೊಸ ಅಡುಗೆಯವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಿಗೆ ಪುರಾವೆಯಿಲ್ಲದ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಈ ಮಾತಂತೂ ಇಳಿಯುವುದೇ ಇಲ್ಲ.

ಮೂರು ವರ್ಷದ ಹಿಂದೆ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ, ಹೆದ್ದಾರಿ ಬದಿಯ ಮಾಂಸಾಹಾರಿ ಹೋಟೆಲೊಂದಕ್ಕೆ ಸೇರಿದೆ. ಅಲ್ಲಿ ಹದಿನಾಲ್ಕು ವರ್ಷದಿಂದ ಒಲೆ ಲಕ್ಕಮ್ಮನವರದು. ಅವರ ಕೈಮಾ ಉಂಡೆ ಸಾರಿಗೆ ತುರುವೇಕೆರೆಯಿಂದಲೂ ಜನ ಬರುತ್ತಿದ್ದರು. ಮಾಲೀಕ ಸಿದ್ದೇಗೌಡರು ಮೊದಲ ದಿನವೇ ಹೇಳಿಬಿಟ್ಟರು: "ಇಬ್ರನ್ನ ಇಟ್ಕಳಕ್ಕಾಗಲ್ಲ ಕಣಪ್ಪ. ತಿಂಗಳ ಕೊನೇ ಭಾನುವಾರ ಇಪ್ಪತ್ತು ಜನ ಊಟಕ್ಕೆ ಬತ್ತಾರೆ. ಅವ್ರು ಒಪ್ಪುದ್ರೆ ನೀನಿರು, ಇಲ್ದಿದ್ರೆ ಲಕ್ಕಮ್ಮ." ಲಕ್ಕಮ್ಮ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದರು. ಇನ್ನೊಂದು ಗಡ್ಡೆ ಎತ್ತಿಕೊಂಡರು.

ನಾನು ಆರಿಸಿಕೊಂಡದ್ದು ಥಾಯ್ ಬ್ರಾತ್‌ನಲ್ಲಿ ಇಟಾಲಿಯನ್ ಮೀಟ್‌ಬಾಲ್. ನೆನೆಸಿದ ಬ್ರೆಡ್ಡು, ಮೊಟ್ಟೆ, ಚೀಸ್ ಬೆರೆಸಿದ ಮಟನ್ ಕೈಮಾ ಉಂಡೆ ಇಟಲಿಯದು. ನಿಂಬೆ ವಾಸನೆಯ ಮಜ್ಜಿಗೆಹುಲ್ಲು, ಶುಂಠಿಯ ದಾಯಾದಿಯಂತಿರುವ ಗಲಾಂಗಲ್, ತೆಂಗಿನಹಾಲು ಕೂಡಿದ ಘಮಘಮ ತಿಳಿಸಾರು ಥಾಯ್ಲೆಂಡಿನದು. ಅದಕ್ಕೆ ಬೇಕಾದ ಥಾಯ್ ನಿಂಬೆಯ ಎಲೆ ಸಿಗದಿದ್ದಾಗ ಲಕ್ಕಮ್ಮನೇ ಹಿತ್ತಲ ಹೆರಳೆಕಾಯಿ ಗಿಡದ ಎಲೆ ತಂದರು. "ಇದೇನಪ್ಪಾ, ನನ್ನ ಉಂಡೆ ಸಾರಿಗೇ ಪ್ಯಾಂಟು ಹಾಕ್ಸಿದ್ದೀಯ?"

ಭಾನುವಾರ ಬೆಳಿಗ್ಗೆ ಒಂದು ಮೂಟೆ ಕಾಯಿಯನ್ನೂ ಹೊತ್ತು ತಂದರು, ಅವರ ಮನೆಯ ಅಟ್ಟದ್ದು. ನಮ್ಮ ಕಡೆ ಕೊಬ್ಬರಿಗೆಂದು ಒಳ್ಳೊಳ್ಳೆಯದನ್ನೇ ಆರಿಸಿ ಅಟ್ಟಕ್ಕೆ ಏರಿಸಿದ ಕಾಯಿಯನ್ನು ಒಳಗಿನ ನೀರು ಇಂಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಯಾರೂ ಮುಟ್ಟುವುದಿಲ್ಲ. "ನಿನ್ನ ಮೊದಲನೇ ದೊಡ್ಡಡುಗೆ. ಉದುರಿದ ಕಾಯಿ ಕೊಟ್ರೆ ಚೆಂದ್ವಾ?" ಎಂದರು. ನಾನು ಅವಸರದಲ್ಲಿ ಒಡೆದು ಹಾಲು ಹಿಂಡಿದೆ, ಎಷ್ಟು ಒಣಗಿವೆಯೆಂದು ನೋಡಲಿಲ್ಲ. ತಪ್ಪು ನನ್ನದು.

ಹನ್ನೊಂದೂವರೆಗೆ ಒಲೆಯ ಮೇಲೆ ಆ ತೆಂಗಿನಹಾಲು ಒಡೆಯಿತು. ಅರ್ಧ ಒಣಗಿದ ಕಾಯಿ. ಮೇಲೆ ಎಣ್ಣೆ, ಕೆಳಗೆ ಗಸಿ. ಒಂದು ಗಂಟೆಗೆ ಊಟ. ನಾನು ಪಾತ್ರೆ ನೋಡುತ್ತಾ ನಿಂತುಬಿಟ್ಟೆ.

"ನೋಡ್ತಾ ನಿಂತ್ರೆ ಕೂಡ್ಕತದಾ?" ಲಕ್ಕಮ್ಮ ಉರಿ ತಗ್ಗಿಸಿದರು. "ಹೋಗು, ಹಿಂದ್ಲ ಮರದ ಹತ್ತು ಹಸಿ ಕಾಯಿ ಸುಲ್ಕಂಡ್ ಬಾ."

ನಾನು ಬರುವಷ್ಟರಲ್ಲಿ ಆ ಎಣ್ಣೆಯನ್ನು ಸೌಟಿನಲ್ಲಿ ಬಾಣಲೆಗೆ ತೆಗೆದು, ಅದರಲ್ಲೇ ನನ್ನ ಮಸಾಲೆ ಹುರಿದು, ಉಂಡೆ ಕೆಂಪಗೆ ಮಾಡುತ್ತಿದ್ದರು. ಮೇಲೆ ಮೂಳೆ ಬೇಯಿಸಿದ ನೀರು, ಕೊನೆಗೆ, ಕುದಿ ನಿಂತ ಮೇಲೆ, ಹೊಸ ಹಾಲು. ಥಾಯ್ ಅಡುಗೆಯವರು ಬೇಕಂತಲೇ ಹಾಲು ಒಡೆಸಿ ಆ ಎಣ್ಣೆಯಲ್ಲಿ ಮಸಾಲೆ ಹುರಿಯುತ್ತಾರೆಂದು ನಾನು ಓದಿದ್ದೆ. ಆ ಹೊತ್ತಿಗೆ ಅದು ನನಗೆ ನೆನಪಾಗಲಿಲ್ಲ. ಲಕ್ಕಮ್ಮ ಓದಿರಲೇ ಇಲ್ಲ.

ಬಂದವರು ಬಟ್ಟಲು ಒರೆಸಿ ಉಂಡರು. ಗೌಡರು ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ ಯಾರೋ ಕಾಯಿಯ ವಿಷಯ ಅವರ ಕಿವಿಗೆ ಹಾಕಿದ್ದರು.

"ಬೇಕಂತ್ಲೇ ತಂದವ್ಳಾ?"

ಎರಡು ವಾದಗಳು ನಾಲಿಗೆಯ ತುದಿಯಲ್ಲಿದ್ದವು: ಹಗೆಗೆಂದು ಯಾರೂ ಸ್ವಂತ ಅಟ್ಟ ಕೆದಕುವುದಿಲ್ಲ, ಕೆಡಿಸಲು ಬಂದವರು ಸೌಟು ಹಿಡಿದು ಉಳಿಸುವುದಿಲ್ಲ. ಯಾವ ವೇದಿಕೆಯಲ್ಲಾದರೂ ಗೆಲ್ಲುವ ವಾದಗಳು. ಆದರೆ ಅವನ್ನು ಆಡದೆ "ಗೊತ್ತಿಲ್ಲ ಗೌಡ್ರೇ" ಎಂದೆ. ಸೋಮವಾರದಿಂದ ಒಲೆ ನನ್ನದಾಯಿತು.

ತಟ್ಟೆಯ ರುಚಿ ಯಾರ ಕೈಯದೆಂದು ತಟ್ಟೆ ಎದುರಿಗಿರುವಾಗಲೇ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು, ತಡವಾಗಿ. ಈಗಲೂ ಹೆರಳೆ ಎಲೆ ಹರಿದರೆ ಸಾಕು, ಪಕ್ಕದಲ್ಲಿ ಲಕ್ಕಮ್ಮನ ಬಳೆ ಸದ್ದು ಕೇಳಿದಂತಾಗುತ್ತದೆ.

ಹೋದ ತಿಂಗಳು ಹಾಲ್ಕುರಿಕೆಗೆ, ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೊಬ್ಬರಿಯ ಕರಟ ಬಿಡಿಸುತ್ತಿದ್ದರು. "ಬಾರಪ್ಪಾ, ಉಂಡ್ಯಾ?" ಎಂದರು. ನಾನು ಗೌಡರಿಗೆ ಹೇಳಿದ್ದನ್ನು, ಹೇಳದೆ ಬಿಟ್ಟಿದ್ದನ್ನು ಎಲ್ಲಾ ಒಪ್ಪಿಸಿ, ಮೂರು ವರ್ಷದಿಂದ ಮನಸ್ಸಿನಲ್ಲಿ ಉಳಿದಿದ್ದ ಪ್ರಶ್ನೆ ಕೇಳಿದೆ.

"ಅಮ್ಮಾ, ಅವತ್ತು ನೀವು ಸುಮ್ನೆ ನಿಂತಿದ್ರೆ ಒಲೆ ನಿಮ್ದೇ ಆಗ್ತಿತ್ತಲ್ಲಾ, ಯಾಕೆ ಸೌಟು ಎತ್ಕೊಂಡ್ರಿ?"