ಗುಲಾಬಿ ನಡೆಯದೆ ಹೋದ ದಾರಿ

ಕಲ್ಯಾಣದ ಪಕ್ಕದ ಶಹಾಡಿನಿಂದ ಹೊರಟಾಗ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಮುಂದೆ ಈರವ್ವನ ತಮ್ಮನ ಜೀಪು, ಅದಕ್ಕೆ ಸಿಕ್ಕಿಸಿದ ಟ್ರೇಲರಿನಲ್ಲಿ ಮದುವೆ ಕುದುರೆ ಗುಲಾಬಿ. ಹೋಗಬೇಕಾದದ್ದು ಸುಮಾರು ಮೂವತ್ತು ಕಿಲೋಮೀಟರ್ ಆಚೆಯ ಕೋಪರಖೈರಣೆಗೆ. ಅಲ್ಲಿ ನನ್ನ ತಂಗಿಯ ಮಗಳ ಮದುವೆ. ವರನ ಕಡೆಯವರು ಕುದುರೆ ಬೇಕೇ ಬೇಕು ಎಂದಾಗ, "ಅದು ನನ್ನ ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡವಳು ನಾನೇ.

ವಿಜಯಪುರ ಮೂಲದ ಈರವ್ವ ಕಲ್ಯಾಣದ ಸುತ್ತಮುತ್ತಲ ಮದುವೆಗಳಿಗೆ ಕುದುರೆ ಒದಗಿಸುವಾಕೆ. ಹೋದ ವರ್ಷ ಇದೇ ದಾರಿಯ ಡಾಂಬರಿನ ಮೇಲೆ ನಡೆದು ಗುಲಾಬಿ ವಾರಗಟ್ಟಲೆ ಕುಂಟಿತ್ತು. "ಅಕ್ಕಾರ, ಪೊಲೀಸ್ರು ಗಾಡಿ ತಡದ್ರ ನಾ ಅಲ್ಲಿಂದನ ವಾಪಸ್. ಇನ್ನ ನನ್ನ ಗುಲಾಬೀನ ನಡಸಂಗಿಲ್ಲ" ಎಂದು ಮೊದಲೇ ಹೇಳಿದ್ದಳು.

ಟ್ರೇಲರಿನ ನೋಂದಣಿಗಾಗಿ ಆಕೆ ಆರ್‌ಟಿಒ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದಳು. ಅದರದೇ ನಂಬರನ್ನು ಎಡಮಗ್ಗುಲಲ್ಲಿ ಬರೆಸಿದ್ದಳು. ಹಿಂಭಾಗದಲ್ಲಿ ಮಾತ್ರ ಎಳೆಯುವ ಗಾಡಿಯ ನಂಬರೇ ಇರಬೇಕೆಂಬುದು ನಿಯಮ, ಅಲ್ಲಿ ಜೀಪಿನದಿತ್ತು.

ಡೊಂಬಿವಲಿಗೆ ಬರುವಷ್ಟರಲ್ಲಿ ಜೀಪು ಹೊಗೆಯುಗುಳಿ ನಿಂತಿತು. ನಮ್ಮ ಹೋಟೆಲು ಅಲ್ಲೇ ಹತ್ತಿರ. ಫೋನ್ ಮಾಡಿದ ತಕ್ಷಣ ನಮ್ಮ ಯಜಮಾನರು ಪಿಕಪ್ ತಂದರು. ಊಟದ ಗಾಡಿ ಎಳೆಯಲೆಂದು ಅದಕ್ಕೆ ಕೊಂಡಿ ಹಾಕಿಸಿದ್ದೆವು.

"ಎಳಿಯೋದು ನಿಮ್ಮ ಗಾಡಿ, ಹಿಂದ ನಂಬರ್ ಜೀಪಿಂದು. ಹಿಡೀತಾರ್ರಿ!" ಈರವ್ವ ರಸ್ತೆ ಬದಿಯಲ್ಲೇ ಕುಸಿದು ಕೂತಳು.

"ಹೆದರ್ಬೇಡ ಮಾರಾಯ್ತಿ, ನಮ್ಮಲ್ಲಿ ಬೋರ್ಡ್ ಉಂಟು" ಎಂದೆ.

ಹೋಟೆಲಿನ ಬಾಗಿಲಲ್ಲಿ ತೂಗುತ್ತಿದ್ದ ತಗಡಿನ ಬೋರ್ಡನ್ನು ಓಡಿಹೋಗಿ ತಂದೆ. ಅದರ ಬಿಳಿ ಹಿಮ್ಮೈ ಮೇಲೆ ಪಿಕಪ್ಪಿನ ನಂಬರನ್ನು ಕಪ್ಪು ಬಣ್ಣದಲ್ಲಿ ಬರೆದು, ಹಳೆಯ ನಂಬರು ಮುಚ್ಚುವಂತೆ ತೂಗಿಹಾಕಿ, ತಮ್ಮನನ್ನು ಜೀಪಿನ ಬಳಿ ಬಿಟ್ಟು ಹೊರಟೆವು.

ಶಿಳ್ ಫಾಟಾದ ಟ್ರಾಫಿಕ್ ದಾಟಿ ಮಹಾಪೆಗೆ ಬಂದಾಗ ಪೊಲೀಸಪ್ಪ ಕೈ ಅಡ್ಡ ಹಿಡಿದ. ಹಿಂದಕ್ಕೆ ಹೋದವನು ಅಲ್ಲಿಂದಲೇ ನನ್ನನ್ನು ಕರೆದ. ಇಳಿದು ನೋಡಿದರೆ ಬೋರ್ಡು ಗಾಳಿಗೆ ಮಗುಚಿಕೊಂಡಿದೆ! ಕುದುರೆಯ ಬಾಲದ ಕೆಳಗೇ ದಪ್ಪಕ್ಷರದಲ್ಲಿ, "ಆಜ್ ಕಾ ಸ್ಪೆಷಲ್: ಗರಮಾಗರಮ್ ಗೋಳಿಬಜೆ."

"ಮೇಡಮ್, ಯೇ ಆಪ್ ಕಾ ನಂಬರ್ ಹೈ?"

ನಾಚಿಕೆಯಿಂದ ಮುಖ ಕೆಂಪೇರಿದರೂ ಬೋರ್ಡು ತಿರುಗಿಸಿ ತೋರಿಸಿದೆ. ಆತ ನಂಬರನ್ನು ಪಿಕಪ್ಪಿನದರೊಂದಿಗೆ ಹೋಲಿಸಿದ, ಎಡಮಗ್ಗುಲನ್ನು ನೋಡಿದ, ಕಾಗದಪತ್ರ ತಿರುವಿದ. ಈರವ್ವ ಟ್ರೇಲರಿಗೆ ಆತು ಕಣ್ಣು ಮುಚ್ಚಿಕೊಂಡಿದ್ದಳು.

"ಸಬ್ ಬರೋಬರ್ ಹೈ. ನೀಚೇ ಸೇ ಭೀ ಬಾಂಧೋ!" ಆತನಿಗೆ ನಗು ತಡೆಯಲಾಗಲಿಲ್ಲ. ಯಜಮಾನರ ಕಿಸೆಯಲ್ಲಿ ಪಾರ್ಸೆಲ್ ಕಟ್ಟುವ ದಾರ ಯಾವಾಗಲೂ ಇರುತ್ತದೆ. ಬೋರ್ಡಿನ ಕೆಳತುದಿಯನ್ನೂ ಬಿಗಿದರು.

ಕೋಪರಖೈರಣೆಯಲ್ಲಿ ಗುಲಾಬಿ ಇಳಿದದ್ದೇ ತಡ, ಬ್ಯಾಂಡಿನ ಮೊದಲ ಪೆಟ್ಟಿಗೇ ಕುಣಿಯತೊಡಗಿತು. ನನಗೆ ಹಿಗ್ಗೋ ಹಿಗ್ಗು. ಮದುಮಗಳ ತಾಯಿಗಿಂತ ಮೊದಲು ನಾನೇ ಅತ್ತುಬಿಟ್ಟೆ. ವರನನ್ನು ಹೊತ್ತ ಗುಲಾಬಿಯ ಲಗಾಮು ಹಿಡಿದು ಈರವ್ವ ತಲೆಯೆತ್ತಿ ನಡೆದಳು.

ಸಂಜೆ ಅವರನ್ನು ಶಹಾಡಿಗೆ ಮುಟ್ಟಿಸಿ ಬೋರ್ಡು ಬಿಚ್ಚಲು ಹೋದೆ. "ಇರ್ಲಿ ಬಿಡ್ರಿ ಅಕ್ಕಾರ, ಮುಂದಿನ ಲಗ್ನಕ್ಕೂ ನಿಮ್ಮ ಗಾಡೀನ ಬೇಕು" ಎಂದಳು. ಹೊರಡುವಾಗ ತಿರುಗಿ ನೋಡಿದೆ. ಹೋದ ವರ್ಷ ಮದುವೆಯಿಂದ ಮರಳಿದ ಮೇಲೆ ಆಕೆ ಇದೇ ಲಾಯದಲ್ಲಿ ಗುಲಾಬಿಯ ಕಾಲಿಗೆ ಅರಿಶಿನ ಹಚ್ಚುತ್ತ ಕೂತಿದ್ದಳಂತೆ. ಈಗ ಗುಲಾಬಿ ನಾಲ್ಕೂ ಕಾಲೂರಿ ಹುಲ್ಲು ಮೇಯುತ್ತಿತ್ತು. ಈರವ್ವ ಅದರ ಪಕ್ಕದಲ್ಲೇ ತನ್ನ ಕಾಲು ಚಾಚಿಕೊಂಡು ಚಹಾ ಕುಡಿಯುತ್ತಿದ್ದಳು.