ಕೆಂಚವ್ವನ ಹಾಡಿಗೆ ಹೂಂಗುಟ್ಟಿದವಳು

ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸೈಕಲ್ ಶಾಪ್ ಇದೆ. ಅಲ್ಲಿಗೆ ಪಂಕ್ಚರ್ ಹಾಕಿಸಲು ಬರುವವರಿಗಿಂತ ಜಗಳ ಆಡಲು ಬರುವವರೇ ಹೆಚ್ಚು. ಜಗಳವೆಲ್ಲ ರಾಮಗಿರಿ ಬೊಮ್ಮಕ್ಕನ ಹಾಡುಗಳ ಮೇಲೆ. ಕ್ಯಾಸೆಟ್ ಕಾಲದಲ್ಲಿ ಬೊಮ್ಮಕ್ಕನ ದನಿ ಕೇಳದ ಮದುವೆ ಮನೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ಬೀಗರನ್ನು ಛೇಡಿಸುವ ಹಾಡು ಎತ್ತಿದರೆ ಬೀಗರೇ ಎದ್ದು ಕುಣಿಯಬೇಕು, ಹಾಗಿತ್ತು ಆ ಗಂಟಲು. ಆಕೆ ತೀರಿಕೊಂಡ ಮೇಲೆ ನಾವು ಕೆಲವರು ಸೇರಿ ಅಭಿಮಾನಿ ಬಳಗ ಅಂತ ಒಂದನ್ನು ಮಾಡಿಕೊಂಡೆವು. ದೀಪಾವಳಿ ಕಳೆದ ಮೇಲೆ, ಆಕೆ ಹೋದ ದಿನ, ಶಾಮಿಯಾನ ಹಾಕಿ ಆಕೆಯ ಹಾಡುಗಳನ್ನು ಹಾಡಿಸುತ್ತೇವೆ. ಹಿರಿಯೂರು, ಹೊಸದುರ್ಗದಿಂದ, ಅತ್ತ ಧರ್ಮಪುರದಿಂದಲೂ ಜನ ಬಸ್ಸು ಹತ್ತಿ ಬರುತ್ತಾರೆ.

ಎಲ್ಲರೂ ಒಪ್ಪುವ ಹಾಡುಗಳು ಬೇಕಾದಷ್ಟಿವೆ. ಒಪ್ಪದಿರುವುದು ಒಂದೇ, ಕೆಂಚವ್ವನ ಹಾಡು. ಬೊಮ್ಮಕ್ಕ ಕೊನೆಗಾಲದಲ್ಲಿ, ದಮ್ಮಿನ ಕಾಯಿಲೆ ಹತ್ತಿಕೊಂಡ ಮೇಲೆ ಹಾಡಿದ ಉದ್ದನೆಯ ಕಥೆ ಅದು. ಕೆಂಚವ್ವನ ಗಂಡ ಕುರಿ ಹೊಡೆದುಕೊಂಡು ದೂರದ ಗದ್ದೆ ಬಯಲಿಗೆ ಹೋಗುತ್ತಾನೆ. ಮಳೆಗಾಲದ ಹೊತ್ತಿಗೆ ಹಿಂಡು ತಿರುಗಿ ಬರುತ್ತದೆ, ಗಂಡ ಬರುವುದಿಲ್ಲ. ಊರ ಗಡಿಕಲ್ಲಿನ ಹತ್ತಿರ ನಿಂತು ಆಕೆ ಕೇಳುತ್ತಾಳೆ:

ಕುರಿ ಬಂದ್ವು ಮರಿ ಬಂದ್ವು ಕಂಬಳಿ ಬರಲಿಲ್ಲ
ಯಾರ ಕೇಳಲಿ ದಾರಿ, ಯಾರ ಕೇಳಲಿ

ಅಷ್ಟೇ. ಅಲ್ಲಿಗೆ ಹಾಡು ಟಕ್ಕಂತ ನಿಂತುಬಿಡುತ್ತದೆ.

ನಾನು ಮೊದಲಿನಿಂದಲೂ ಈ ಹಾಡಿನ ವಿರೋಧ ಪಕ್ಷ. ಸಾಲಿಗೊಮ್ಮೆ ಉಸಿರು ಸಿಕ್ಕಿಕೊಳ್ಳುತ್ತದೆ, ದನಿ ಮೇಲಕ್ಕೆ ಏರುವುದಿಲ್ಲ. ಸಾಲದ್ದಕ್ಕೆ ಪ್ರತಿ ಚರಣದ ಕೊನೆಗೆ ಯಾವಳೋ ಮುದುಕಿ ಹಲ್ಲುನೋವು ಬಂದವಳ ಹಾಗೆ "ಹೂಂ" ಅನ್ನುತ್ತಾಳೆ. ಕುರಿ ಕಾಯುವವರ ಹಟ್ಟಿಗಳಲ್ಲಿ ಕಥೆ ಹಾಡುವ ಪದ್ಧತಿಯೇ ಹಾಗೆ ಅನ್ನುವುದು ನನಗೂ ಗೊತ್ತು. ಕೇಳಲು ಕೂತವರಲ್ಲಿ ಒಬ್ಬರು ಹೂಂಗುಟ್ಟಬೇಕು, ಹೂಂ ಬಿದ್ದರೆ ಮಾತ್ರ ಮುಂದಿನ ಚರಣ. ಆದರೆ ಹಟ್ಟಿಯಲ್ಲಿ ನಡೆಯುವುದೆಲ್ಲ ಕ್ಯಾಸೆಟ್ಟಿಗೂ ಬೇಕೆ? ಇಷ್ಟೆಲ್ಲ ಸಹಿಸಿಕೊಂಡು ಕೇಳಿದರೆ ಕಥೆಗೆ ಮುಕ್ತಾಯವೇ ಇಲ್ಲ.

ನಮ್ಮ ಬಳಗದ ಅಧ್ಯಕ್ಷ ಮೈಕ್ ಸೆಟ್ ಶಿವಕುಮಾರಪ್ಪ ಇದಕ್ಕೆ ತದ್ವಿರುದ್ಧ. "ಲೇ ನಾಗಭೂಷಣ, ವಯಸ್ಸಿನಾಗೆ ಯಾರು ಬೇಕಾದ್ರೂ ಹಾಡ್ತಾರೆ. ದಮ್ಮು ಕಟ್ಕಂಡು ಹಾಡ್ಯಾಳಲ್ಲ, ಅದು ಹಾಡು," ಅನ್ನುತ್ತಾನೆ. ಆಮೇಲೆ ನಾನೊಂದು ಅನ್ನುತ್ತೇನೆ, ಅವನೊಂದು ಅನ್ನುತ್ತಾನೆ, ಪಂಕ್ಚರ್ ಹಾಕಿಸಲು ಬಂದವನು ಬೇರೆ ಅಂಗಡಿಗೆ ಹೋಗುತ್ತಾನೆ.

ಬಿ.ದುರ್ಗದ ಉಚ್ಚಂಗೆಮ್ಮ ನನ್ನ ಅಂಗಡಿಗೆ ಬರುತ್ತಿದ್ದುದು ಹಳೇ ಟ್ಯೂಬಿಗೆ. ರಾತ್ರಿ ಕುರಿ ನಿಲ್ಲಿಸುವ ಜಾಗಕ್ಕೆ ಸುತ್ತ ಬಲೆ ಕಟ್ಟುತ್ತಾರಲ್ಲ, ಆ ಬಲೆಯನ್ನು ಗೂಟಕ್ಕೆ ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿಗಿಂತ ಒಳ್ಳೆಯದು ಬೇರೆ ಇಲ್ಲ. ಪ್ರತಿವರ್ಷ ಕುರಿ ಹೊಡೆದುಕೊಂಡು ಹೊರಡುವ ಮುಂಚೆ ಬರುತ್ತಾಳೆ. ಕಚ್ಚೆ ಕಟ್ಟಿದ ಸೀರೆ, ಹೆಗಲ ಮೇಲೆ ಕಂಬಳಿ, ಕಾಲಿಗೆ ಗಂಡಸರ ಚಪ್ಪಲಿ. ಬಂದವಳು ಕೋಲಿನಿಂದ ನನ್ನ ಅಂಗಡಿಯ ಬಾಗಿಲು ಕುಟ್ಟುತ್ತಾಳೆ. "ಬರ್ರಿ ಅಕ್ಕ, ಕುಂತ್ಕಳ್ರಿ," ಅಂದರೆ, "ನಾನು ಕುಂತ್ರೆ ಕುರಿ ನಿಲ್ತಾವೇನಪ್ಪ?" ಅನ್ನುತ್ತಾಳೆ. ನಮ್ಮ ಜಗಳವನ್ನು ನಿಂತೇ ಕೇಳಿ, ಟ್ಯೂಬು ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಸಲ ಮಾತ್ರ, ಕೆಂಚವ್ವನ ಹಾಡಿಗೆ ಕೊನೆಯೇ ಇಲ್ಲವೆಂದು ನಾನು ಜೋರು ಮಾಡುತ್ತಿದ್ದಾಗ, "ಐತೆ" ಅಂದಳು.

ಅವತ್ತು ಆಕೆಯ ಕಥೆ ಹೊರಬಂತು. ಗಂಡ ಚಿಕ್ಕತಿಮ್ಮಪ್ಪ ಕುರಿಯ ಜೊತೆ ಹೋಗಿದ್ದಾಗ ಗದ್ದೆ ಬದುವಿನಲ್ಲಿ ಹಾವು ಕಡಿದು ಸತ್ತ. ಮಕ್ಕಳಿಬ್ಬರೂ ಚಿಕ್ಕವು. ಅವರ ಮನೆತನದಲ್ಲಿ ಹೆಂಗಸರು ಹಿಂಡಿನ ಹಿಂದೆ ಮಡಕೆ, ಎಳೆಮರಿ ಹೊತ್ತು ನಡೆದದ್ದುಂಟು, ಮುಂದೆ ನಡೆದದ್ದಿಲ್ಲ. ಭಾವಂದಿರು ಕುರಿ ಮಾರುವುದೆಂದು ತೀರ್ಮಾನಿಸಿ ವ್ಯಾಪಾರಿಗೆ ಬರಲು ಹೇಳಿಬಿಟ್ಟರು. ವ್ಯಾಪಾರಿ ಬರುವ ದಿನ ಬೆಳಗ್ಗೆ ಉಚ್ಚಂಗೆಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಕೆಂಚವ್ವನ ಹಾಡು ಹಾಕಿದಳಂತೆ.

"ಯಾರ ಕೇಳಲಿ ದಾರಿ ಅಂದ್ಳು. ಟಕ್ ಅಂತು. ಮುಂದೇನಾದ್ರೂ ಹೇಳ್ತಾಳೇನೋ ಅಂತ ಕಾದೆ. ಏನೂ ಹೇಳ್ಲಿಲ್ಲ. ಸರಿ, ಇವಳಿಗೂ ಗೊತ್ತಿಲ್ಲ ಅಂತ ಕೋಲು ತಗಂಡೆ," ಅಂದಳು.

ವ್ಯಾಪಾರಿ ಬಂದಾಗ ಹಟ್ಟಿಯಲ್ಲಿ ಕುರಿ ಇರಲಿಲ್ಲ. ಭಾವ ರಾಮಗಿರಿಯ ತನಕ ಬೆನ್ನಟ್ಟಿ ಹೋಗಿ ಕೂಗಾಡಿ ವಾಪಸ್ ಬಂದ. ಆ ವರ್ಷ ಹೊರಟವಳು ಇವತ್ತಿಗೂ ನಿಂತಿಲ್ಲ. ಮಗಳ ಮದುವೆ ಮಾಡಿದಳು, ಮಗ ಚಿತ್ರದುರ್ಗದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಸಾಕಿನ್ನು ಮನೆಯಲ್ಲಿರು ಅನ್ನುತ್ತಾನೆ. ಆಕೆ ಇರುವುದಿಲ್ಲ.

ಇಷ್ಟು ಕೇಳಿದ ಮೇಲೂ ಸುಮ್ಮನಿರುವ ಜಾಯಮಾನ ನನ್ನದಲ್ಲ. "ಅದೆಲ್ಲ ಸರಿ ಅಕ್ಕ, ದನಿ ಮಾತ್ರ ಕೆಟ್ಟೈತೆ," ಅಂದೆ.

"ಕೆಟ್ಟೈತೆ ಕಣಪ್ಪ. ಯಾರು ಇಲ್ಲ ಅಂದ್ರು?" ಅಂದು ನಕ್ಕಳು.

ಈ ವರ್ಷ ಶಿವಕುಮಾರಪ್ಪ ರಾಮಗಿರಿಯಲ್ಲಿ ಬೊಮ್ಮಕ್ಕನ ಸಂಬಂಧಿಕರ ಮನೆಯಿಂದ ಆ ಹಾಡಿನ ಅಸಲಿ ಕ್ಯಾಸೆಟ್ ಹುಡುಕಿ ತಂದ. ಹಾಕಿ ಕೇಳಿದರೆ ಟಕ್ಕಂತ ನಿಲ್ಲಬೇಕಾದ ಕಡೆ ಹಾಡು ನಿಲ್ಲಲೇ ಇಲ್ಲ. ಆಗಿನ ಕಾಲದಲ್ಲಿ ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದ. ಸುತ್ತಲಿನ ತಾಲ್ಲೂಕುಗಳಲ್ಲಿ ಇದ್ದದ್ದೆಲ್ಲ ಅವನು ತುಂಬಿಸಿದ ಕಾಪಿಗಳೇ. ಅವನು ಬಳಸುತ್ತಿದ್ದದ್ದು ಚಿಕ್ಕ ಟೇಪು, ಕೆಂಚವ್ವನ ಹಾಡು ಇದ್ದದ್ದು ಕಟ್ಟಕಡೆಗೆ. ಹಾಡು ಮುಗಿಯುವ ಮುಂಚೆ ಟೇಪು ಮುಗಿದಿತ್ತು, ಅಷ್ಟೇ. ನಾವು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಟೇಪಿನ ಉದ್ದದ ಮೇಲೆ.

ಅಸಲಿಯಲ್ಲಿ ಇನ್ನೊಂದು ಚರಣ ಇತ್ತು. ಅದರಲ್ಲಿ ಕೆಂಚವ್ವ ಗಡಿಯಲ್ಲಿ ನಿಂತು ನಿಂತು ಕಲ್ಲಾಗುತ್ತಾಳೆ. ಊರವರು ಆ ಕಲ್ಲಿಗೆ ಕುಂಕುಮ ಇಟ್ಟು ಕೈ ಮುಗಿಯುತ್ತಾರೆ. ಕಥೆಗೆ ಕೊನೆ ಸಿಕ್ಕಿತಲ್ಲ ಎಂದು ನನಗೆ ಖುಷಿಯೋ ಖುಷಿ. ಮೊದಲ ಬಾರಿಗೆ ನಾನೂ ಶಿವಕುಮಾರಪ್ಪನೂ ಒಂದಾದೆವು. ಈ ಸಲ ಪೂರ್ತಿ ಹಾಡು ಹಾಡಿಸುವುದು, ಅದೂ ನನ್ನ ಮಗಳು ಮೋನಿಕಾಳಿಂದ ಎಂದು ತೀರ್ಮಾನವಾಯಿತು. ಮೋನಿಕಾ ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಾಳೆ, ಹಾಡುವುದು ಅವಳಿಗೆ ಹುಚ್ಚು. ಅವಳದು ಒಂದೇ ಷರತ್ತು. "ಅಪ್ಪ, ಹೂಂ ಅನ್ನೋರಿಲ್ದೆ ಈ ಹಾಡು ಉಸಿರೇ ತಗಳಲ್ಲ. ಯಾರಾದ್ರೂ ಬೇಕು," ಅಂದಳು. ಶಿವಕುಮಾರಪ್ಪನಿಗೆ ಇನ್ನೂ ಹುರುಪು ಬಂತು. ಎಲ್ಲವೂ ಹಟ್ಟಿಯ ಪದ್ಧತಿಯಂತೆಯೇ ನಡೆಯಬೇಕು ಎಂದು ಬಳಗದ ವಾಟ್ಸಾಪಿನಲ್ಲಿ ಸಾರಿದ.

ಅದೇ ವಾರ ಉಚ್ಚಂಗೆಮ್ಮ ಟ್ಯೂಬಿಗೆ ಬಂದಳು. ನಾವು ಬಹಳ ಜಂಬದಿಂದ ಮೊಬೈಲಿನಲ್ಲಿ ಆ ಚರಣ ಕೇಳಿಸಿದೆವು. ಕೇಳುತ್ತ ಕೇಳುತ್ತ ಆಕೆಯ ಮುಖ ಗಟ್ಟಿಯಾಯಿತು.

"ಈ ಚರಣ ಬ್ಯಾಡ," ಅಂದಳು.

"ಹಂಗಂದ್ರೆ ಹೆಂಗಮ್ಮ?" ಅಂದ ಶಿವಕುಮಾರಪ್ಪ. "ಹಾಡಿದೋಳು ಬೊಮ್ಮಕ್ಕ. ಅವಳ ಹಾಡಿಗೆ ಕತ್ರಿ ಹಾಕಾಕೆ ನಾವ್ಯಾರು? ಇಷ್ಟು ವರ್ಷ ಗೊತ್ತಿಲ್ದೆ ಕತ್ರಿಸಿದ್ವಿ. ಈಗ ಗೊತ್ತಿದ್ದೂ ಕತ್ರಿಸಿದ್ರೆ ಅದು ದ್ರೋಹ."

ನ್ಯಾಯವಾದ ಮಾತೇ. ಉಚ್ಚಂಗೆಮ್ಮನೂ ಅಲ್ಲಗಳೆಯಲಿಲ್ಲ. ಆದರೆ ಆಕೆಗೆ ಬೇರೆಯೇ ಸಂಕಟವಿತ್ತು. ಆಕೆಯ ತಮ್ಮನ ಸೊಸೆ ಯಮುನಾ. ಗಂಡ ಪ್ರದೀಪ್ ಹೊಸದುರ್ಗದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಕುರಿ ಮಾರೋಣ, ನೀನು ಮನೆಯಲ್ಲಿ ಕೂತಿರು, ನಿನಗೊಂದು ಹೊತ್ತು ಊಟಕ್ಕೆ ನಾವಿಲ್ಲವೇ ಎಂದು ಮನೆಯ ಗಂಡಸರು ಹೇಳುತ್ತಿದ್ದರು. ಹುಡುಗಿ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ.

"ನಾನೆಷ್ಟು ಹೇಳಿದ್ರೂ ಅವಳಿಗೆ ಅದು ಬುದ್ಧಿಮಾತು," ಅಂದಳು ಉಚ್ಚಂಗೆಮ್ಮ. "ಬೊಮ್ಮಕ್ಕ ಕೇಳಿದ್ರೆ ಬ್ಯಾರೆ. ನನ್ನ ಕೇಳ್ದಂಗೆ ಅವಳ್ನೂ ಕೇಳ್ಬೇಕು. ಅದಕ್ಕೇ ಅವಳ್ನ ನಿಮ್ಮ ಕಾರ್ಯಕ್ರಮಕ್ಕೆ ಕರ್ಕಂಡು ಬರಾಣ ಅಂತಿದ್ದೆ. ಕಲ್ಲಾಗು ಅಂತ ಹೇಳಿಸಿ ಕಳ್ಸಾಕೆ ಯಾಕೆ ಕರ್ಕಂಡು ಬರ್ಲಿ?"

ಶಿವಕುಮಾರಪ್ಪನ ಮುಖ ಸಣ್ಣದಾಯಿತು, ಪಟ್ಟು ಮಾತ್ರ ಸಡಿಲಲಿಲ್ಲ. ಸಮಾಧಾನಕ್ಕೆಂದು, "ಅಮ್ಮ, ಹೂಂ ಅನ್ನಾಕೆ ನೀವೇ ಸ್ಟೇಜಿನ ಮ್ಯಾಲೆ ಕುಂತ್ಕಳ್ರಿ. ನಿಮಗಿಂತ ಯಾರವ್ರೆ?" ಅಂದ.

ಉಚ್ಚಂಗೆಮ್ಮ ಕೋಲಿನ ತುದಿಯಿಂದ ನೆಲ ಗೀರುತ್ತ ಕೇಳಿದಳು. "ಪದ್ಧತಿ ಪ್ರಕಾರವೇ ನಡೀತೈತಾ?"

"ಹಟ್ಟಿ ಹೆಂಗೋ ಹಂಗೇ. ಹೂಂ ಬೀಳ್ದೆ ಮುಂದಿನ ಚರಣ ಎತ್ತಂಗಿಲ್ಲ."

"ಹಂಗಾದ್ರೆ ಬರ್ತೀನಿ."

ಇಷ್ಟು ಬೇಗ ಒಪ್ಪಿದಳಲ್ಲ ಎಂದು ನಾನಾದರೂ ಯೋಚಿಸಬೇಕಿತ್ತು. ದಡ್ಡ, ಟ್ಯೂಬು ಕತ್ತರಿಸುತ್ತ ಕೂತಿದ್ದೆ.

ಕಾರ್ಯಕ್ರಮ ಮಧ್ಯಾಹ್ನ ಶುರುವಾಯಿತು. ಮದುವೆ ಹಾಡುಗಳಿಗೆ ಹಿರಿಯೂರಿನವರು ಶಿಳ್ಳೆ ಹೊಡೆದರು, ಹೊಸದುರ್ಗದವರು ಒನ್ಸ್ ಮೋರ್ ಅಂದರು. ಯಮುನಾ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು, ಎಲ್ಲರೂ ನಗುವಾಗಲೂ ನೆಲ ನೋಡುತ್ತ ಕೂತಿದ್ದಳು. ಕೊನೆಗೆ ಕೆಂಚವ್ವನ ಹಾಡು. ಮೋನಿಕಾ ಎದುರು ಉಚ್ಚಂಗೆಮ್ಮ ಕಂಬಳಿ ಹಾಸಿಕೊಂಡು ಕೂತಳು, ಅವಳ ಮುಂದೂ ಒಂದು ಮೈಕು.

ಚರಣದ ಮೇಲೆ ಚರಣ ಸಾಗಿತು. ಉಚ್ಚಂಗೆಮ್ಮನ ಹೂಂ ಒಂದೊಂದೂ ಒಂದೊಂದು ಥರ. ಗಂಡ ಹೊರಡುವಾಗ ಬೇಸರದ್ದು, ಮೊದಲ ಮಳೆ ಬಿದ್ದಾಗ ಆಸೆಯದು. ಮುದುಕಿಯ ಹಲ್ಲುನೋವು ಎಂದು ನಾನು ಅಂದದ್ದು ತಪ್ಪೇ. ಹಿಂಡು ಬಂತು, ಕಂಬಳಿ ಬರಲಿಲ್ಲ. ಯಾರ ಕೇಳಲಿ ದಾರಿ, ಯಾರ ಕೇಳಲಿ ಎಂದು ಹಾಡಿ ಮೋನಿಕಾ ಹೂಂಗೆ ಕಾದಳು.

ಹೂಂ ಬೀಳಲಿಲ್ಲ.

ಮರೆತಳೇನೋ ಎಂದು ಮೋನಿಕಾ ಆ ಸಾಲನ್ನು ಮತ್ತೆ ಹಾಡಿದಳು. ಉಚ್ಚಂಗೆಮ್ಮ ಅವಳನ್ನೇ ನೋಡುತ್ತ ಕೂತಿದ್ದಳು. ಮತ್ತೊಮ್ಮೆ ಹಾಡಿದಳು. ಆಂಪ್ಲಿಫೈಯರಿನ ಹತ್ತಿರ ನಿಂತಿದ್ದ ಶಿವಕುಮಾರಪ್ಪ, "ಅಮ್ಮ, ಹೂಂ ಅನ್ರಿ," ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಅನ್ನಲ್ಲ," ಅಂದಳು ಉಚ್ಚಂಗೆಮ್ಮ. "ಅವಳು ಕಲ್ಲಾದ್ರೆ ಕುರಿಗೆ ನೀರು ಕುಡ್ಸೋರು ಯಾರಪ್ಪ?"

ಯಾರೋ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. ಹಿಂದಿನಿಂದ "ಮುಂದೆ ಹಾಡ್ಸ್ರೀ!" ಎಂದು ಕೂಗು ಬಂತು. ಮೋನಿಕಾ ನನ್ನ ಕಡೆ ನೋಡಿದಳು. ಆ ಹಾಡಿಗೆ ಒಂದು ಕೊನೆ ಬೇಕು ಎಂದು ಎಲ್ಲರಿಗಿಂತ ಹೆಚ್ಚು ಕೂಗಾಡಿದವನು ನಾನು. ಆದರೆ ನನ್ನ ಕಣ್ಣು ಮುಂದಿನ ಸಾಲಿನಲ್ಲಿತ್ತು. ಯಮುನಾ ತಲೆ ಎತ್ತಿದ್ದಳು. ಸೆರಗು ಜಾರಿದ್ದೂ ಗೊತ್ತಿಲ್ಲದೆ ಉಚ್ಚಂಗೆಮ್ಮನನ್ನೇ ನೋಡುತ್ತಿದ್ದಳು. ನಾನು ಮಗಳಿಗೆ ಬೇಡ ಎಂದು ತಲೆ ಅಲ್ಲಾಡಿಸಿದೆ. ಅವಳು ಉಚ್ಚಂಗೆಮ್ಮನಿಗೆ ಕೈ ಮುಗಿದು ಮೈಕು ಕೆಳಗಿಟ್ಟಳು. ಶಿವಕುಮಾರಪ್ಪನ ಕಿವಿ ಕೆಂಪಗಾಗಿತ್ತು. ಕೂಗುವವರ ಕಡೆ ತಿರುಗಿ, "ಪದ್ಧತಿ ಅಂದ್ರೆ ಪದ್ಧತಿ. ಹೂಂ ಬಿದ್ದಿಲ್ಲ, ಮುಗೀತು!" ಎಂದು ಗದರಿ, ಸೆಟ್ ಆಫ್ ಮಾಡಿಬಿಟ್ಟ.

ಬಳಗ ಈಗ ಎರಡು ಭಾಗ. ಹೊಸದುರ್ಗದವರು ಬೊಮ್ಮಕ್ಕನಿಗೆ ಅವಮಾನ ಆಯಿತು ಅನ್ನುತ್ತಾರೆ, ಹಿರಿಯೂರಿನವರು ಹಾಡು ಮುಗಿಯಬೇಕಾದದ್ದೇ ಹಾಗೆ ಅನ್ನುತ್ತಾರೆ. ಶಿವಕುಮಾರಪ್ಪ ನನ್ನ ಅಂಗಡಿ ಕಡೆ ಸುಳಿಯದೆ ಕೆಲವು ದಿನ ಮುನಿಸಿಕೊಂಡಿದ್ದ. ಬೊಮ್ಮಕ್ಕನ ದನಿ ಆ ಹಾಡಿನಲ್ಲಿ ಕೆಟ್ಟಿದೆ ಅನ್ನುವುದು ನನ್ನ ಮಾತು, ಅದರಲ್ಲಿ ಈಗಲೂ ಬದಲಿಲ್ಲ.

ಮೊನ್ನೆ ಬೆಳಗ್ಗೆ ಅಂಗಡಿ ಬಾಗಿಲನ್ನು ಯಾರೋ ಕೋಲಿನಿಂದ ಕುಟ್ಟಿದರು. ನೋಡಿದರೆ ಯಮುನಾ. ಸೀರೆಗೆ ಕಚ್ಚೆ ಕಟ್ಟಿದ್ದಳು, ಅಭ್ಯಾಸವಿಲ್ಲದ್ದಕ್ಕೆ ಅದು ಒಂದು ಕಡೆ ಎಳೆದಿತ್ತು.

"ಹಳೇ ಟ್ಯೂಬ್ ಐತೇನಣ್ಣ?"

"ಐತೆ. ಉಚ್ಚಂಗೆಮ್ಮಕ್ಕನೂ ಜೊತೆಗೆ ಬರ್ತಾಳೇನವ್ವ?"

"ಇಲ್ಲಣ್ಣ. ಅತ್ತೆ ಆಗಲೇ ತಮ್ಮ ಕುರಿ ಹೊಡ್ಕಂಡು ಬ್ಯಾರೆ ಕಡೆ ಹೋದ್ರು. ದಾರಿ ಕೇಳಿದ್ರೆ ನಾನ್ ಹೇಳಲ್ಲ ಅಂದ್ರು," ಎಂದು ಸಣ್ಣಗೆ ನಕ್ಕಳು.

"ಮತ್ತೆ ಹೆಂಗೆ?"

"ಹಿಂಡಿನ ಮುಂದೆ ನಡೆಯೋ ಟಗರಿಗೆ ಗೊತ್ತಂತೆ."

ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಟ್ಟೆ. ಒಂದೊಂದನ್ನೂ ಎಳೆದು ನೋಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನೂ ಹಿಂದೆಯೇ ರಸ್ತೆಗೆ ಬಂದೆ. ಕುರಿಗಳು ದಾಟುತ್ತಿದ್ದವು. ಹೊಸದುರ್ಗದ ಬಸ್ಸು ಬಂದು ನಿಂತು ಒಂದೇ ಸಮ ಹಾರ್ನ್ ಹೊಡೆಯತೊಡಗಿತು. ಯಮುನಾ ಅತ್ತ ತಿರುಗಿಯೂ ನೋಡದೆ, ಕೊನೆಯ ಮರಿ ದಾಟುವ ತನಕ ರಸ್ತೆಯ ನಡುವೆ ಕೋಲು ಅಡ್ಡ ಹಿಡಿದು ನಿಂತಿದ್ದಳು.